ತೋಳದ ಬಿಲಕ್ಕೆ ಕಟ್ಟಿದ ಕೆಂಪು ಬಟ್ಟೆ

ಸಿಟ್ಟು ನೆತ್ತಿಗೇರಿದರೆ ಕಾವ್ಯಳ ಕೈ ಸುಮ್ಮನಿರುವುದಿಲ್ಲ. ಆ ಬೆಳಿಗ್ಗೆಯೂ ಅಷ್ಟೆ. ಮಂಡಿಯೂರಿ ಕೂತು, ಬಿಲದ ಬಾಯಿಗೆ ಯಾರೋ ತುರುಕಿದ್ದ ಜಾಲಿಮುಳ್ಳನ್ನು ಬರಿಗೈಯಲ್ಲೇ ಎಳೆಯತೊಡಗಿದಳು. ಒಳಗೆ ತೋಳದ ಮರಿಗಳು ಕುಂಯ್‌ಗುಡುತ್ತಿದ್ದವು.

ಕುದಾಪುರದ ಹುಲ್ಲುಗಾವಲಿನಲ್ಲಿ ಬೇಸಿಗೆಗೆ ಮುಂಚೆ ಬೆಂಕಿ ರೇಖೆ ತೆಗೆಯುವ ಕೆಲಸ ನಡೆದಿತ್ತು. ಒಣಹುಲ್ಲನ್ನು ಉದ್ದಕ್ಕೆ ಪಟ್ಟೆಯಂತೆ ಕೊಯ್ದು, ಅಷ್ಟನ್ನು ತಾವೇ ಹುಷಾರಾಗಿ ಸುಟ್ಟುಬಿಟ್ಟರೆ ಮುಂದೆ ಎಲ್ಲಿಂದಲೋ ಬಿದ್ದ ಕಿಡಿ ಅದನ್ನು ದಾಟುವುದಿಲ್ಲ. ಕೊಯ್ಯುವವರಿಗಿಂತ ಮುಂದೆ ನಡೆದು, ಗೂಡು, ಬಿಲ, ಅಪರೂಪದ ಗಿಡ ಕಂಡಲ್ಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟುವುದು ಕಾವ್ಯಳ ಕೆಲಸ. ಬಟ್ಟೆ ಕಂಡರೆ ರೇಖೆ ಸುತ್ತಿಕೊಂಡು ಹೋಗಬೇಕು. ಚಳ್ಳಕೆರೆಯಲ್ಲಿ ಬಿಎಸ್ಸಿ ಮುಗಿಸಿದವಳಿಗೆ ಸಿಕ್ಕ ಮೊದಲ ಕೆಲಸ ಅದು. ಗೌಜಲಹಕ್ಕಿಯ ಗೂಡಿಗೆ ಕಟ್ಟಿದಳು, ಮಾಗಳಿ ಬಳ್ಳಿಗೆ ಕಟ್ಟಿದಳು, ನಿನ್ನೆ ತೋಳದ ಬಿಲಕ್ಕೂ ಕಟ್ಟಿದಳು.

ಎಂಥ ಪೆದ್ದುತನ! ತೋಳದ ಬಿಲ ಸಿಕ್ಕರೆ ಕುರಿಗಾರರು ಬಾಯಿಗೆ ಮುಳ್ಳು ತುಂಬಿ ಹೊಗೆ ಹಾಕುತ್ತಾರೆ ಅನ್ನುವುದು ಕುರಿರೊಪ್ಪದ ಪಕ್ಕದಲ್ಲೇ ಬೆಳೆದ ಇವಳಿಗೆ ಗೊತ್ತಿರಲಿಲ್ಲವೇ? ಉಳಿಸಲು ಹೋಗಿ ಊರಿಗೆಲ್ಲ ಬಿಲ ತೋರಿಸಿಕೊಟ್ಟಿದ್ದಳು.

"ಬಿಡೇ ಅದನ್ನ. ತುಂಬಿದ್ದು ನಾನೇ."

ಕುಡುಗೋಲು ಹಿಡಿದು ನಿಂತಿದ್ದವಳು ರಂಗಕ್ಕ, ಕಾವ್ಯಳ ಅಪ್ಪನ ತಂಗಿ. ಹುಲ್ಲು ಕೊಯ್ಯುವ ಹೆಂಗಸರಲ್ಲಿ ಅವಳೂ ಒಬ್ಬಳು.

"ಅತ್ತೆ, ಇನ್ನೂ ಕಣ್ಣು ಬಿಡದ ಮರಿಗಳು ಕಣೆ."

"ನನ್ನ ಕುರಿಮರಿ ಕಣ್ಣು ಬಿಟ್ಟಿತ್ತು, ಕುಣೀತಾನೂ ಇತ್ತು. ಹೊತ್ಕೊಂಡು ಹೋಗ್ಲಿಲ್ವಾ ಇದರವ್ವ? ಕುರಿ ಕಾದೋರ ಮನೇಲಿ ಹುಟ್ಟಿ ತೋಳದ ಪರ ನಿಂತ್ಕಂತೀಯಾ?"

ಅಷ್ಟರಲ್ಲಿ ಕಂಟ್ರಾಕ್ಟರನ ಕಡೆಯ ಸೂಪರ್‌ವೈಸರ್ ಪ್ರಭು ಬಂದ. ಅವನಿಗೆ ತೋಳವೂ ಬೇಡ, ಕುರಿಯೂ ಬೇಡ. ರೇಖೆ ನೆಟ್ಟಗೆ ಹೋಗಿ ಬೇಗ ಮುಗಿದರೆ ಸಾಕು.

"ಇಲ್ಲೇನೂ ಇಲ್ಲ ಅಂದ್ಕೊಳ್ಳಮ್ಮ. ಬಟ್ಟೆ ಬಿಚ್ಚು, ಬೆಂಕಿ ಹಚ್ಚಿ ಮುಂದಕ್ಕೆ ಹೋಗಾನ."

ಕಾವ್ಯ ಕೊನೆಯ ಮುಳ್ಳಿನ ಕೊಂಬೆಯನ್ನು ಎಳೆದೆಸೆದಳು. ಬಿಲಕ್ಕೆ ಬೆನ್ನು ಮಾಡಿ, ಕಾಲು ಚಾಚಿ, ಮನೆಯ ಜಗಲಿಯ ಮೇಲೆ ಕೂತಂತೆ ಕೂತಳು. ಅಂಗೈಯಲ್ಲಿ ರಕ್ತ ಜಿನುಗುತ್ತಿತ್ತು.

"ಹಚ್ರಿ ಸಾರ್."

"ತಮಾಷೆ ಮಾಡ್ಬೇಡ, ಎದ್ದೇಳು."

"ಯಾರು ತಮಾಷೆ ಮಾಡ್ತಿರೋದು? ನಾನು ಕೂತಿರೋ ಜಾಗಕ್ಕೆ ಬೆಂಕಿ ಇಡೋರು ಯಾರು ಅಂತ ನೋಡೇಬಿಡ್ತೀನಿ."

ಬೆಂಕಿ ಹಚ್ಚಲು ಪಂಜು ಹಿಡಿದು ನಿಂತಿದ್ದ ಆಳು ಅದನ್ನು ಮಣ್ಣಿಗೆ ಒತ್ತಿ ಆರಿಸಿದ. ಹೆಂಗಸರು ಎಲೆಅಡಿಕೆ ಚೀಲ ಬಿಚ್ಚಿ ಕೂತರು. ಪ್ರಭು ಫೋನು ಕಿವಿಗಿಟ್ಟುಕೊಂಡು ಅತ್ತಿಂದಿತ್ತ ಓಡಾಡಿದ, ರೇಗಿದ, ಬೇಡಿಕೊಂಡ. ಬಿಸಿಲು ನೆತ್ತಿಯ ಮೇಲೆ ಬಂದರೂ ಹುಡುಗಿ ಜಗ್ಗಲಿಲ್ಲ. ಕೊನೆಗೆ ಅವನೇ ರೇಖೆಯನ್ನು ದೂರದಿಂದ ಬಳಸಿ ಒಯ್ಯಲು ಹೇಳಿದ.

"ಗೆದ್ದೆ ಅಂದ್ಕೋಬೇಡ. ನಾಳೆಯಿಂದ ನೀನು ಕೆಲಸಕ್ಕೆ ಬರೋದು ಬೇಡ."

ಈ ಕೆಲಸ ಸಿಕ್ಕ ದಿನ ಕಾವ್ಯ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

ರಂಗಕ್ಕ ನಕ್ಕಳು. "ಹೋಯ್ತಲ್ಲ ಕೆಲಸ! ಇನ್ನು ಇಲ್ಲಿ ಕಾವಲಿರೋರು ಯಾರು? ಮುಳ್ಳು ನಮ್ಮ ಹಿತ್ತಲಲ್ಲಿ ಬೇಕಾದಷ್ಟು ಐತೆ."

"ನಾನೇ ಇರ್ತೀನಿ. ನಮ್ಮ ಕುರಿ ಜೊತೆ ನಿನ್ನ ಕುರೀನೂ ಹೊಡ್ಕೊಂಡು ಬಂದು ಈ ಬಿಲ ಕಾಣೋ ದೂರದಲ್ಲೇ ಮೇಯಿಸ್ತೀನಿ. ಮರಿ ಬೆಳೆದು ಎದ್ದು ಹೋಗೋವರ್ಗೂ ದಿನಾ ಬರ್ತೀನಿ. ನಿನ್ನದೊಂದು ಮರಿ ಹೋದ್ರೆ ನಮ್ಮ ರೊಪ್ಪದಾಗಿಂದ ಬೇಕಾದ್ದು ಹಿಡ್ಕೊಂಡು ಹೋಗು."

ಆಮೇಲೆ ಪ್ರಭುವಿನ ಕಡೆ ತಿರುಗಿದಳು.

"ಕುರಿ ಕಾಯೋ ಕೆಲಸಕ್ಕೆ ನನ್ನ ಇಟ್ಕೊಂಡಿದ್ದು ನೀವಲ್ಲ ಸಾರ್. ತೆಗೆಯೋಕೆ ನೀವ್ಯಾರು?"

ರಂಗಕ್ಕ ಅಣ್ಣನ ಮಗಳ ಅಂಗೈ ಹಿಡಿದು, ಚುಚ್ಚಿದ್ದ ಮುಳ್ಳನ್ನು ಉಗುರಿನಿಂದ ಒರಟಾಗಿ ಕಿತ್ತಳು.

"ಹೊತ್ತು ಹುಟ್ಟೋಕೆ ಮುಂಚೆ ಬಾ. ನನ್ನ ಕುರಿ ನಿನ್ನ ದಾರಿ ನೋಡ್ತಾ ನಿಲ್ಲಲ್ಲ."