ಯಂತ್ರದ ಕೆಲಸದವಳು

ಕಾದ ಟಿವಿಯ ಹಿಂಬದಿಯಿಂದ ಬರುತ್ತಿದ್ದ ಸುಟ್ಟ ಧೂಳಿನ ವಾಸನೆ ಇನ್ನೂ ನೆನಪಿದೆ. ಹಾರುವ ಕಾರಿನಲ್ಲಿ ಓಡಾಡುವ ಸಂಸಾರ, ಅವರ ಮನೆಗೆಲಸಕ್ಕೊಬ್ಬಳು ಯಂತ್ರದ ಹೆಂಗಸು ಇರುವ ಕಾರ್ಟೂನು ನೋಡಿ ಚಿಕ್ಕಂದಿನಲ್ಲಿ ಅದೇ ಆಟ ಆಡುತ್ತಿದ್ದೆವು. ನಾನು ಯಜಮಾನಿ, ತಂಗಿ ಯಂತ್ರದ ಕೆಲಸದವಳು. “ಯಂತ್ರಕ್ಕೆ ಸುಸ್ತಾಗಲ್ಲ ಕಣೇ” ಎಂದು ನನ್ನ ಪಾಲಿನ ಪಾತ್ರೆಗಳನ್ನೂ ವರ್ಷಗಟ್ಟಲೆ ಅವಳಿಂದಲೇ ತೊಳೆಸಿದೆ. ಆ ಹೊತ್ತಿನಲ್ಲಿ ಓದಿಕೊಂಡ ನಾನು ಕಾಲೇಜು ಮುಗಿಸಿದೆ. ಅವಳ ಓದು ಹತ್ತನೇ ತರಗತಿಗೇ ನಿಂತಿತು.

ನಿನ್ನೆ ಮಧ್ಯಾಹ್ನ ಅವಳ ಮನೆಯಲ್ಲಿ ಆ ಕಾರ್ಟೂನಿನ ಡಿವಿಡಿ ಹಾಕಿ ಕೂತೆವು. ಒಂದು ಕಂತಿನಲ್ಲಿ ಯಂತ್ರದವಳು ಸುಸ್ತಾಗಿ ಕುಸಿದಾಗ ಮನೆಯವರೆಲ್ಲ ಸೇರಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು.

“ಇದನ್ನ ನಾನು ನೋಡೇ ಇಲ್ಲ ಅಕ್ಕ,” ತಂಗಿ ನಕ್ಕಳು. “ಪಾತ್ರೆ ಉಜ್ತಾ ಇದ್ನೇನೋ.”

“ನಾನು ನೋಡಿದ್ದೆ. ನಿನಗೆ ಹೇಳಲಿಲ್ಲ.”

“ಕಳ್ಳಿ,” ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಂದು ಬಿಸಿ ಊಟದ ತಟ್ಟೆಯನ್ನು ನನ್ನ ಕೈಗಿಟ್ಟಳು.