ತುಂಡಾಗಿ ಬಂದ ಸಂಖ್ಯೆ

ಮಲೇಷ್ಯಾದ ಕ್ಲಾಂಗ್ ಬಂದರಿನ ಸರಕು ಸಾಗಣೆ ಕಂಪನಿಯೊಂದರಲ್ಲಿ ಹತ್ತೊಂಬತ್ತು ವರ್ಷ ಹಡಗುಗಳ ಸರಕುಪಟ್ಟಿ ತಿದ್ದಿದ್ದ ಸದಾನಂದರಾಯರಿಗೆ ಐವತ್ಮೂರನೆಯ ವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲಿಯುವ ಪ್ರಸಂಗ ಬಂದೊದಗಿತು. ಕೋವಿಡ್ ನಿರ್ಬಂಧದಿಂದ ಕಚೇರಿಯೇ ಮನೆಯೊಳಗೆ ಬಂದು ಕೂತ ಎರಡನೆಯ ತಿಂಗಳಲ್ಲಿ ಮ್ಯಾನೇಜರ್ ರೊಸ್ನಾ ಮುಚ್ಚುಮರೆಯಿಲ್ಲದೆ ತಿಳಿಸಿದ್ದಳು: ವಿಭಾಗದ ಇಬ್ಬರಲ್ಲಿ ಒಬ್ಬರಿಗಷ್ಟೇ ಇನ್ನು ಜಾಗ. ಹಡಗಿನ ಎಕ್ಸ್‌ಎಂಎಲ್ ಕಡತವನ್ನು ಓದಿ ಕಂಟೇನರುಗಳ ಸಂಖ್ಯೆಗಳನ್ನು ತಪ್ಪಿಲ್ಲದೆ ಹೆಕ್ಕುವ ಪ್ರೋಗ್ರಾಂ ಬರೆದವರು ಉಳಿಯುತ್ತಾರೆ. ಉಳಿಯದವರಿಗೆ ವೀಸಾ ಕೂಡ ಉಳಿಯದು.

ಇನ್ನೊಬ್ಬ, ಮಂಗಳೂರಿನ ಆಂಡ್ರ್ಯೂ. ಆರು ವರ್ಷದ ಹಿಂದೆ ಅವನ ಅರ್ಜಿಯನ್ನು ಕೈಯಾರೆ ಒಯ್ದು ಕೆಲಸಕ್ಕೆ ಸೇರಿಸಿದವರು, ಬಾಡಿಗೆ ಮನೆ ಸಿಗುವ ತನಕ ಎರಡು ತಿಂಗಳು ತಮ್ಮ ಮನೆಯಲ್ಲಿಟ್ಟುಕೊಂಡು ಉಣಬಡಿಸಿದವರು ರಾಯರೇ. ಆದ್ದರಿಂದ, ಅಲ್ಪಸ್ವಲ್ಪ ಪ್ರೋಗ್ರಾಮಿಂಗ್ ಬಲ್ಲ ಅವನನ್ನೇ ಕಲಿಸಿಕೊಡೆಂದು ಸಂಕೋಚವಿಲ್ಲದೆ ಕೇಳಿದರು.

"ಸ್ಪರ್ಧೆ ಕಂಪನಿಗಾಯ್ತು, ನಮ್ಮೊಳಗೆ ಎಂತದು ಮಾರಾಯ್ರೆ? ಹೇಳಿಕೊಡ್ತೇನೆ" ಎಂದ ಆಂಡ್ರ್ಯೂ.

ದಿನವೂ ಸಂಜೆ ಫೋನಿನಲ್ಲಿ ಪಾಠ.

"ಇಡೀ ಫೈಲನ್ನು ಒಟ್ಟಿಗೆ ನುಂಗ್ಲಿಕ್ಕೆ ಹೋಗ್ಬೇಡಿ ಸದಾನಂದಣ್ಣ. ಗೇಟಲ್ಲಿ ನಿಂತವ ಎಂತ ಮಾಡ್ತಾನೆ? ಲಾರಿ ಬಂತು ಅಂತಾನೆ, ಹೋಯ್ತು ಅಂತಾನೆ. ಹೋದ ಲಾರಿ ತಿರುಗಿ ಬರುದಿಲ್ಲ. ಬೇಕಾದ್ದನ್ನು ಆಗಲೇ ಬರ್ಕೊಳ್ಬೇಕು."

ರಾಯರಿಗೆ ಇದು ನೀರು ಕುಡಿದಷ್ಟು ಸಲೀಸಾಗಿ ಹೊಕ್ಕಿತು. ಕಡತದ ಪ್ರತಿ ಮಾಹಿತಿಯ ಆದಿ-ಅಂತ್ಯದಲ್ಲಿರುವ ಗುರುತೇ ಟ್ಯಾಗು; ಅದು ತೆರೆದರೆ ಪ್ರೋಗ್ರಾಮಿಗೆ ಒಂದು ಕರೆ, ನಡುವಿನ ಅಕ್ಷರಗಳಿಗೆ ಒಂದು ಕರೆ, ಟ್ಯಾಗು ಮುಚ್ಚಿದರೆ ಮತ್ತೊಂದು. ಮೂರನೆಯ ವಾರ ಅವರಿಗೊಂದು ಸಂದೇಹ ಹುಟ್ಟಿತು. ಪುಟ ಮುಗಿದಲ್ಲಿ ಸಾಲು ಕಡಿದುಹೋಗುವ ಕಾಗದದ ಪಟ್ಟಿಗಳನ್ನು ಓದಿದ ಕಣ್ಣು ಅದು.

"ಅಲ್ಲಪ್ಪಾ, ನಡುವಿನ ಅಕ್ಷರವೆಲ್ಲ ಒಂದೇ ಸಲಕ್ಕೆ ಬರುತ್ತೋ? ಅರ್ಧ ಈಗ, ಅರ್ಧ ಆಮೇಲೆ ಬಂದ್ರೆ?"

ಆಂಡ್ರ್ಯೂ ಹೇಳಿಬಿಟ್ಟ: "ಒಂದೇ ಸಲ ಬರ್ತದೆ. ನೀವು ಸುಮ್ನೆ ಇಲ್ಲದ ಹೆದರಿಕೆ ಹುಟ್ಟಿಸ್ಕೊಳ್ತೀರಿ."

ಅಭ್ಯಾಸಕ್ಕೆಂದು ಅವನೇ ಕಳುಹಿಸಿದ ಪುಟ್ಟ ಕಡತದಲ್ಲಿ ನಲವತ್ತು ಕಂಟೇನರುಗಳಿದ್ದವು. ನಲವತ್ತೂ ಸರಿಯಾಗಿ ಬಂದವು. ರಾಯರು ಸಂದೇಹವನ್ನು ಮರೆತರು.

ಪರೀಕ್ಷೆಯ ದಿನ ವಿಡಿಯೊ ಸಭೆಯಲ್ಲಿ ರೊಸ್ನಾ ಇಡೀ ಹಡಗಿನ ಕಡತವನ್ನೇ ಕೊಟ್ಟಳು: ಮೂರು ಸಾವಿರಕ್ಕೂ ಮೇಲ್ಪಟ್ಟ ಕಂಟೇನರು. ರಾಯರ ಪ್ರೋಗ್ರಾಂ ಓಡಿತು. ಪರದೆಯ ಮೇಲೆ ಸಂಖ್ಯೆಗಳು ಇಳಿದವು.

"ಮಿಸ್ಟರ್ ಸದಾ, ಇದೇನು ಲಾ? ಬರೀ ಮೂರು ಅಂಕಿ ಇದೆ. ಇದರ ತಲೆ ಎಲ್ಲಿ?" ಮಾತಿಗೊಂದು 'ಲಾ' ಸೇರಿಸುವ ಅಲ್ಲಿನ ರೂಢಿಯಲ್ಲೇ ಕೇಳಿದಳು ರೊಸ್ನಾ.

ಅಂಥವು ಹನ್ನೆರಡು ಸಿಕ್ಕವು. ನಾಲ್ಕು ಅಕ್ಷರ, ಏಳು ಅಂಕಿ ಇರಬೇಕಾದಲ್ಲಿ ಬಾಲ ಮಾತ್ರ ಉಳಿದಿತ್ತು. ಎರಡನೆಯ ತುಂಡು ಬಂದು ಮೊದಲನೆಯದನ್ನು ಅಳಿಸಿಹಾಕಿತ್ತು.

ಆಂಡ್ರ್ಯೂವಿನ ಸರದಿಯಲ್ಲಿ ಒಂದೂ ತಪ್ಪಲಿಲ್ಲ. ಹೇಗೆಂದು ರೊಸ್ನಾ ಕೇಳಿದಳು.

"ದೊಡ್ಡ ಫೈಲಿನಲ್ಲಿ ಅಕ್ಷರಗಳು ಕೆಲವೊಮ್ಮೆ ತುಂಡಾಗಿ ಬರುತ್ತವೆ ಮೇಡಂ. ಜೋಡಿಸುತ್ತಾ ಹೋಗಿ, ಟ್ಯಾಗು ಮುಚ್ಚಿದ ಮೇಲೇ ಬರೆದುಕೊಳ್ಳಬೇಕು. ನನಗಿದು ಮೊದಲ ವಾರವೇ ಗೊತ್ತಾಗಿತ್ತು."

ಮೊದಲ ವಾರ! ರಾಯರು ಸಂದೇಹ ಕೇಳಿದ್ದು ಮೂರನೆಯ ವಾರ. ಬಾಯಿ ತೆರೆದರೆ ಶಾಲಾ ಮಕ್ಕಳ ಚಾಡಿಯಂತಾದೀತೆಂದು ತುಟಿ ಬಿಗಿಹಿಡಿದು ಕೂತರು. ರೊಸ್ನಾ ಆಂಡ್ರ್ಯೂವಿನ ಹೆಸರು ಹೇಳಿ ಸಭೆ ಮುಗಿಸಿದಳು.

ಐದೇ ನಿಮಿಷಕ್ಕೆ ಫೋನು ಬಂತು.

"ಬೇಜಾರು ಮಾಡ್ಬೇಡಿ ಸದಾನಂದಣ್ಣ. ಮಗಳ ಶಾಲೆ ಇಲ್ಲೇ. ನಾನೆಂತ ಮಾಡ್ಲಿ?"

"ನನಗೆ ಕಲಿಸಲೇಬೇಕು ಅಂತ ನಿನಗೇನೂ ಇರಲಿಲ್ಲಪ್ಪಾ. ಗೊತ್ತಿಲ್ಲ ಅಂದಿದ್ರೂ ಸಾಕಿತ್ತು, ನಾನೇ ಹುಡುಕ್ಕೊಳ್ತಿದ್ದೆ. ಸುಳ್ಳು ಯಾಕೆ ಹೇಳಿದೆ?"

ಆ ಕಡೆಯಿಂದ ತಗ್ಗಿದ ದನಿ: "ಅಷ್ಟು ಸೂಕ್ಷ್ಮದ್ದು ನೀವು ಕೇಳ್ತೀರಿ ಅಂತ ನಾನು ಎಣಿಸ್ಲೇ ಇಲ್ಲ."

ರಾಯರು ಫೋನಿಟ್ಟರು. ಅಡುಗೆಮನೆಯಿಂದ ಹೆಂಡತಿ ವಾಸಂತಿ ಇಣುಕಿದಳು. "ಆಂಡ್ರ್ಯೂನಾ? ರಸ್ತೆ ತೆರೆದ ಮೇಲೆ ಊಟಕ್ಕೆ ಬರ್ಲಿ ಅಂತ ಹೇಳ್ಬೇಕಿತ್ತು, ರೀ."

"ತೆರೆದ ಮೇಲೂ ಬೇಡ" ಎಂದರು ರಾಯರು. "ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸೋಣ, ಬಾ."