ಅಂಟು ಒಣಗುವ ತನಕ

ಬೆಳಗ್ಗೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕಾರು ಒರೆಸುತ್ತಿದ್ದವನ ಸುತ್ತ ನಾಲ್ಕು ಜನ ಸೇರಿದ್ದರು. ಎಲ್ಲರ ಕಣ್ಣೂ ಮುಂದಿನ ಗಾಜಿನ ಮೇಲೆ. ಒಳಗಡೆ ಕನ್ನಡಿ ಇರಬೇಕಾದ ಜಾಗದಲ್ಲಿ ಹಳೆಯ ಅಂಟಿನ ಕಲೆಯೊಂದು ಉಳಿದಿತ್ತು. ಕನ್ನಡಿ ಬಿರುಕು ಬಿಟ್ಟು ಮುಂದಿನ ಸೀಟಿನ ಮೇಲೆ ಅಂಗಾತ ಬಿದ್ದಿತ್ತು.

"ಏನ್ ಸಾಧು, ಇದು ಯಾರ ಕೈಚಳಕ?" ಎಂದು ಸ್ಟ್ಯಾಂಡಿನ ಹಿರಿಯ ಕೇಳಿದ.

ಸಾಧು ಎನ್ನುವುದು ಸ್ಟ್ಯಾಂಡಿನವರು ಅವನಿಗೆ ಕೊಟ್ಟ ಬಿರುದು. ಕುಡಿಯುವುದಿಲ್ಲ, ಬೈಯುವುದಿಲ್ಲ, ಚಿಲ್ಲರೆಗಾಗಿ ಕಾಲು ಕೆರೆದು ಜಗಳಕ್ಕೆ ಹೋಗುವುದಿಲ್ಲ. ಇದ್ದದ್ದು ಒಂದೇ ಚಾಳಿ. ಅದನ್ನು ಅಲ್ಲಿ ಯಾರೂ ಚಾಳಿ ಎನ್ನುತ್ತಿರಲಿಲ್ಲ, ಏಕೆಂದರೆ ಅದು ಎಲ್ಲರಿಗೂ ಇತ್ತು. ಹೆಂಗಸರು ಹತ್ತಿದರೆ ಎರಡು ಬೆರಳಿನಿಂದ ಕನ್ನಡಿಯನ್ನು ಸ್ವಲ್ಪ ಕೆಳಗೆ ಬಾಗಿಸುವುದು. ಹಿಂದೆ ಬರುವ ಲಾರಿ ಕಾಣದಿದ್ದರೂ ಹಿಂದೆ ಕೂತವರು ಚೆನ್ನಾಗಿ ಕಾಣುತ್ತಿದ್ದರು.

"ನಿನ್ನೆ ಒಬ್ಬಳು ಹತ್ತಿದ್ಲು," ಎಂದು ಸಾಧು ಬಟ್ಟೆ ಹಿಂಡುತ್ತ ಹೇಳಿದ. "ಕನ್ನಡಿ ಸರಿ ಮಾಡ್ಕೊಳ್ಳಿ ಅಂತ ಒಂದಲ್ಲ, ಎರಡು ಸಲ ಅಂದ್ಲು. ನಾನೇನು ಮೈ ಮುಟ್ಟಿದ್ನಾ, ಮಾತಾಡಿಸಿದ್ನಾ? ನೋಡಿದ್ರೆ ಸವೆದು ಹೋಗ್ತೀರೇನಮ್ಮ ಅಂದೆ. ಇಳಿಯೋವಾಗ ಮುಂದೆ ಬಗ್ಗಿ ಎರಡೂ ಕೈಯಲ್ಲಿ ಹಿಡಿದು ತಿರುಚಿಬಿಟ್ಲು."

"ಕಾಲ ಕೆಟ್ಟೋಯ್ತು ಬಿಡು. ಕಣ್ಣಿಗೂ ಬೀಗ ಹಾಕ್ಕೊಂಡು ಓಡಾಡಬೇಕು ಇನ್ಮೇಲೆ," ಎಂದ ಹಿರಿಯ. ಎಲ್ಲರೂ ನಕ್ಕರು.

ತಿರುಚುವಾಗ ಅವಳ ಕೈ ಗಡಗಡ ನಡುಗುತ್ತಿತ್ತು ಎಂಬುದನ್ನು ಮಾತ್ರ ಸಾಧು ಹೇಳಲಿಲ್ಲ. ಹೇಳಿದ್ದರೆ ಅಷ್ಟು ನಗು ಬರುತ್ತಿರಲಿಲ್ಲ.

ಅಷ್ಟರಲ್ಲಿ ಮಗಳ ಫೋನ್ ಬಂತು. ಅವಳು ಆಸ್ಪತ್ರೆಯೊಂದರ ಔಷಧಿ ಕೌಂಟರಿನಲ್ಲಿ ಕೆಲಸಕ್ಕಿದ್ದಳು. "ಅಪ್ಪ, ನಮ್ಮ ಆಸ್ಪತ್ರೆ ವ್ಯಾನ್ ಕೆಟ್ಟು ನಿಂತಿದೆಯಂತೆ. ಇವತ್ತೊಂದಿನ ಬಿಡ್ತೀಯಾ?"

ಕಾರು ಸದಾ ಬಾಡಿಗೆಯ ಮೇಲೆ ಇರುತ್ತಿದ್ದರಿಂದ ಮನೆಯವರು ಅದರಲ್ಲಿ ಕೂರುವುದೇ ಅಪರೂಪ. ಅವನು ಮನೆ ಮುಂದೆ ಕಾರು ನಿಲ್ಲಿಸಿದಾಗ, ಮುಂದಿನ ಸೀಟಿನ ತುಂಬ ಟವೆಲ್, ನೀರಿನ ಬಾಟಲಿ, ಒಡೆದ ಕನ್ನಡಿ ಹರಡಿದ್ದರಿಂದ ಮಗಳು ಹಿಂದೆ, ಎಡಗಡೆಯ ಕಿಟಕಿಯ ಪಕ್ಕ ಕೂತಳು.

"ಕನ್ನಡಿಗೇನಾಯ್ತು?"

"ಹಳ್ಳಕ್ಕೆ ಇಳೀತು, ಉದುರಿಹೋಯ್ತು. ದಾರೀಲಿ ಹಾಕಿಸ್ಕೊಂಡೇ ಹೋಗೋಣ, ಇಲ್ದಿದ್ರೆ ಪೊಲೀಸಿನವರು ಹಿಡೀತಾರೆ," ಎಂದು ಅವನು ರಸ್ತೆ ನೋಡುತ್ತ ಹೇಳಿದ.

ಕಾರಿನ ಬಿಡಿಭಾಗ ಮಾರುವ ಅಂಗಡಿಯವನು ಸ್ಟ್ಯಾಂಡಿನವರಿಗೆಲ್ಲ ಪರಿಚಯ. ಮುಂದಿನ ಸೀಟು ಖಾಲಿ ಮಾಡಿಕೊಂಡು ಹತ್ತಿ ಕೂತ. ಬ್ಲೇಡಿನಿಂದ ಹಳೆಯ ಅಂಟು ಕೆರೆದ, ಗಾಜನ್ನು ಒರೆಸಿದ, ಚಿಕ್ಕ ಲೋಹದ ತುಂಡಿಗೆ ಅಂಟು ಬಳಿದು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದ. ಕೈ ಆಡಿದಷ್ಟೂ ಹೊತ್ತು ಬಾಯಿಯೂ ಆಡುತ್ತಿತ್ತು. ಹೊಸ ಕನ್ನಡಿಯನ್ನು ಸಿಕ್ಕಿಸಿ, ಅತ್ತಿತ್ತ ಬಾಗಿಸಿ, ಸಾಧುವಿನ ಕಿವಿಯ ಹತ್ತಿರ ಬಂದ.

"ಅಣ್ಣ, ನಿಮ್ಮ ಸ್ಟ್ಯಾಂಡಿನೋರ ಅಳತೆ ನನಗೆ ಬಾಯಿಪಾಠ. ಹಿಂದಿನ ಸೀಟು ಪೂರ್ತಿ ಕಾಣೋ ಹಾಗೆ ಕೂರಿಸಿದೀನಿ," ಎಂದು ಗದ್ದದಲ್ಲೇ ಹಿಂದಕ್ಕೆ ತೋರಿಸಿದ. "ಇವತ್ತಿನ ಗಿರಾಕಿನೂ ಚೆನ್ನಾಗಿದಾರೆ." ಒಂದು ಕಣ್ಣು ಮಿಟುಕಿಸಿದ.

ಸಾಧುವಿನ ಕಿವಿ ಬಿಸಿಯಾಯಿತು. ಅವಳು ನನ್ನ ಮಗಳು ಕಣಯ್ಯ ಎಂದು ಅವನ ಕತ್ತಿನ ಪಟ್ಟಿ ಹಿಡಿಯಬೇಕು. ಹಿಡಿದು ಹೇಳುವುದೇನು? ಬೇರೆಯವರ ಮಗಳಾದರೆ ಪರವಾಗಿಲ್ಲ ಎಂದೇ? ಪಾಪ, ಅಂಗಡಿಯವನು ಅವನಿಗೆ ಉಪಕಾರ ಮಾಡಿದ್ದ. ಇಷ್ಟು ವರ್ಷ ಸ್ಟ್ಯಾಂಡಿನವರು ಕೇಳಿ ಹಾಕಿಸಿಕೊಂಡದ್ದನ್ನೇ ಇವತ್ತು ಕೇಳದೆ ಹಾಕಿಕೊಟ್ಟಿದ್ದ. ಸಾಧುವಿನ ಕೈ ಕನ್ನಡಿಯತ್ತ ಹೋಯಿತು.

ಅಂಗಡಿಯವನು ಅವನ ಮಣಿಕಟ್ಟು ಹಿಡಿದ. "ಅಯ್ಯೋ, ಮುಟ್ಟಬೇಡಿ ಅಣ್ಣ. ಗಮ್ ಇನ್ನೂ ಹಸಿ ಇದೆ. ಒಂದು ಗಂಟೆ ಕೈ ಹಚ್ಚಲೇಬೇಡಿ, ಕಿತ್ಕೊಂಡು ಬರುತ್ತೆ. ಈ ಸಲ ಗಾಜೂ ಹೋದೀತು."

ಅವನು ಇಳಿದು, ಟವೆಲ್, ಬಾಟಲಿ, ಒಡೆದ ಕನ್ನಡಿಯನ್ನೆಲ್ಲ ಮತ್ತೆ ಮುಂದಿನ ಸೀಟಿನ ಮೇಲಿಟ್ಟು ಹೋದ ಮೇಲೆ ಸಾಧು ಹೊಸ ಕನ್ನಡಿ ನೋಡಿದ. ನೋಡದಿರಲು ಅದು ಬಿಡುತ್ತಿರಲಿಲ್ಲ. ಮಗಳು ಫೋನಿನಿಂದ ತಲೆ ಎತ್ತಿ ಒಮ್ಮೆ ಕನ್ನಡಿಯತ್ತ ಕಣ್ಣು ಹಾಯಿಸಿದಳು. ಪಕ್ಕದಲ್ಲಿದ್ದ ಬ್ಯಾಗನ್ನು ಎದೆಗೆ ತಂದುಕೊಂಡಳು. ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದಳು. ಸೀಟಿನ ಮೇಲೆ ಸರಿಯುತ್ತ ಸರಿಯುತ್ತ ಅವನ ಬೆನ್ನ ಹಿಂದಿನ ಮೂಲೆಗೆ ಹೋಗಿ ಮುಖವನ್ನು ಕಿಟಕಿಗೆ ತಿರುಗಿಸಿದಳು. ಕನ್ನಡಿಯಲ್ಲಿ ಖಾಲಿ ಸೀಟು ಉಳಿಯಿತು.

ಇದನ್ನು ಅವನು ಎಷ್ಟು ಸಲ ನೋಡಿರಲಿಲ್ಲ! ಬ್ಯಾಗು ಎದೆಗೆ, ಮೈ ಮೂಲೆಗೆ, ಮುಖ ಕಿಟಕಿಗೆ. ಬಿಂಕ ಎಂದುಕೊಂಡಿದ್ದ. ಸ್ಟ್ಯಾಂಡಿನಲ್ಲಿ ಅದನ್ನೇ ಅಭಿನಯಿಸಿ ತೋರಿಸಿ ನಗಿಸಿಯೂ ಇದ್ದ.

ಸ್ವಲ್ಪ ದೂರ ಹೋದ ಮೇಲೆ ಕೇಳಿದ, "ಯಾಕಮ್ಮ ಈ ಕಡೆ ಬಂದೆ?"

"ಹಾಂ? ಓ, ಅಭ್ಯಾಸ ಬಿಡಪ್ಪ. ಕನ್ನಡಿ ಹಾಗಿದ್ರೆ ಮೈ ತಾನಾಗೇ ಸರ್ಕೊಂಡು ಬಿಡುತ್ತೆ." ಅವಳ ದನಿಯಲ್ಲಿ ದೂರು ಇರಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು. "ಡ್ರೈವರ್ ಬೆನ್ನ ಹಿಂದೆ ಕೂತ್ರೆ ಅಷ್ಟು ಕಾಣಲ್ಲ. ಕೌಂಟರಿಗೆ ಹೊಸ ಹುಡುಗೀರು ಬಂದ್ರೆ ಮಾತ್ರೆ ಎಲ್ಲಿದೆ ಅನ್ನೋಕ್ಕಿಂತ ಮುಂಚೆ ಇದನ್ನೇ ಹೇಳ್ಕೊಡ್ತೀವಿ."

"ಎಲ್ಲ ಡ್ರೈವರ್‌ಗಳೂ ಹಾಗಿರಲ್ಲಮ್ಮ."

"ಇರಲ್ಲ. ಆದ್ರೆ ಹತ್ತೋವಾಗ ಯಾರು ಹೇಗೆ ಅಂತ ಗೊತ್ತಾಗಲ್ವಲ್ಲ."

"ಬಾಯಿಬಿಟ್ಟು ಹೇಳಬಾರದಾ, ಕನ್ನಡಿ ಸರಿ ಮಾಡ್ಕೊಳ್ಳಿ ಅಂತ?"

"ಹೇಳಿದ್ದೆ ಒಂದ್ಸಲ. ನೋಡಿದ್ರೆ ಸವೆದು ಹೋಗ್ತೀರಾ ಅಂತ ನಕ್ಕ. ಕಿತ್ತು ಬಿಸಾಕೋಣ ಅನ್ನಿಸ್ತು. ಧೈರ್ಯ ಬರಲಿಲ್ಲ."

ನಕ್ಕವನು ಯಾರೋ, ಯಾವ ಸ್ಟ್ಯಾಂಡಿನವನೋ. ಸಿಕ್ಕಿದರೆ ಹಲ್ಲು ಉದುರಿಸಬೇಕೆಂದು ಸಾಧುವಿಗೆ ಅನಿಸಿತು. ಆದರೆ ಆ ಮಾತು ನಿನ್ನೆ ತಾನೇ ಇವನ ಬಾಯಿಂದಲೂ ಬಂದಿತ್ತು; ಯಾರ ಹಲ್ಲು ಎಂದು ಉದುರಿಸುವುದು? ಕನ್ನಡಿಯನ್ನಾದರೂ ಮೇಲಕ್ಕೆತ್ತೋಣವೆಂದರೆ ಅಂಟು ಹಸಿ. ಎತ್ತಿದ ಕೈಯನ್ನು ಮತ್ತೆ ಗೇರಿನ ಮೇಲಿಟ್ಟ.

"ಮುಂದೆ ಬಂದು ಕೂತ್ಕೋಮ್ಮ, ಸೀಟು ಖಾಲಿ ಮಾಡ್ತೀನಿ."

"ಬಿಡಪ್ಪ, ಬಂದೇಬಿಡ್ತಲ್ಲ."

ಉಳಿದ ದಾರಿಯುದ್ದಕ್ಕೂ ಕನ್ನಡಿಯಲ್ಲಿ ಖಾಲಿ ಸೀಟೇ ಕಾಣುತ್ತಿತ್ತು. ನಿಜ ಹೇಳಿಬಿಡಬೇಕೆಂದು ಅವನು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಟ್ರಾಫಿಕ್ಕಿನ ಬಗ್ಗೆ ಏನೋ ಹೇಳಿದ.

ಆಸ್ಪತ್ರೆಯ ಮುಂದೆ ಇಳಿದವಳು ಮುಂದಿನ ಕಿಟಕಿಗೆ ಬಗ್ಗಿದಳು. "ಹೊತ್ತಿಗೆ ಸರಿಯಾಗಿ ಊಟ ಮಾಡಪ್ಪ." ಅವಳ ಕಣ್ಣು ಒಡೆದ ಕನ್ನಡಿಯ ಮೇಲೆ ಬಿತ್ತು. ಅದರ ಕತ್ತು ತಿರುಚಿಕೊಂಡಿತ್ತು. "ಹಳ್ಳ ಜೋರಾಗಿತ್ತು ಅನ್ಸುತ್ತೆ," ಎಂದು ಹೇಳಿ ಹೋದಳು. ಅದು ಬರೀ ಮಾತೋ, ಗೊತ್ತಾಗಿ ಆಡಿದ ಮಾತೋ ಅವನಿಗೆ ತಿಳಿಯಲಿಲ್ಲ. ಸಂಜೆ ಅವಳನ್ನೇ ಕೇಳಬೇಕು. ಹೇಗೆ ಕೇಳುವುದು?

ಅಂಟು ಒಣಗುವ ತನಕ ಅವನು ಯಾವ ಬಾಡಿಗೆಯನ್ನೂ ಒಪ್ಪಿಕೊಳ್ಳದೆ ಅಲ್ಲೇ ಮರದ ಕೆಳಗೆ ಕಾರು ನಿಲ್ಲಿಸಿಕೊಂಡ. ಆಮೇಲೆ ಕನ್ನಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಮೇಲಕ್ಕೆ ತಿರುಗಿಸಿದ. ಹಿಂದಿನ ಸೀಟು ಮರೆಯಾಯಿತು. ಹಿಂದಿನ ಗಾಜು, ಅದರಾಚೆ ರಸ್ತೆ, ರಸ್ತೆಯಲ್ಲಿ ಬರುವ ವಾಹನಗಳು ಕಂಡವು.

ಮೊದಲು ಹತ್ತಿದವಳು ಕೈಯಲ್ಲಿ ಭಾರದ ತರಕಾರಿ ಚೀಲ ಹಿಡಿದಿದ್ದ ಒಬ್ಬ ಹೆಂಗಸು. ಬಾಗಿಲು ಹಾಕಿದ ಸದ್ದು, ಆಮೇಲೆ ಬಟ್ಟೆ ಸೀಟಿಗೆ ಉಜ್ಜುತ್ತ ಸರಿದ ಸದ್ದು. ನೋಡದೆಯೇ ಅವನಿಗೆ ಗೊತ್ತಾಯಿತು. ಅವಳು ಅವನ ಬೆನ್ನ ಹಿಂದಿನ ಮೂಲೆಗೆ ಹೋಗಿದ್ದಳು.

ಕನ್ನಡಿ ಸರಿ ಮಾಡಿದೀನಮ್ಮ, ಆರಾಮಾಗಿ ಕೂತ್ಕೊಳ್ಳಿ ಎನ್ನೋಣ ಅನ್ನಿಸಿತು. ಗಂಟಲು ಸರಿ ಮಾಡಿಕೊಂಡ. ಅಷ್ಟಕ್ಕೇ ಹಿಂದೆ ಚೀಲ ಸರಕ್ಕನೆ ಎಳೆದುಕೊಂಡದ್ದು ಕೇಳಿಸಿತು. ಅವನು ಬಾಯಿ ಮುಚ್ಚಿಕೊಂಡ. ಅಂಥ ಮಾತು ಆಡಿದರೆ ಇದ್ದ ಹೆದರಿಕೆ ಇನ್ನಷ್ಟು ಹೆಚ್ಚುತ್ತಿತ್ತು.

ಒಂದು ಬೀದಿಯ ನಡುವೆ ಅವಳು ಇಳಿದಳು. ಕಾರು ಮುಂದೆ ಹೋಯಿತು. ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಅವನು ಕನ್ನಡಿಯತ್ತ ನೋಡಿದ. ಬೀದಿ ಪೂರ್ತಿ ಕಾಣುತ್ತಿತ್ತು. ಅವಳು ಇಳಿದ ಜಾಗದಲ್ಲೇ ನಿಂತಿದ್ದಳು. ಚೀಲದ ಭಾರಕ್ಕೆ ಒಂದು ಭುಜ ಜಗ್ಗಿತ್ತು, ಆದರೂ ಯಾವ ಗೇಟನ್ನೂ ತೆಗೆಯದೆ, ಕಾರು ಮರೆಯಾಗುವುದನ್ನೇ ಕಾಯುತ್ತಿದ್ದಳು. ತನ್ನ ಮನೆ ಯಾವುದೆಂದು ಅವನಿಗೆ ಗೊತ್ತಾಗುವುದು ಅವಳಿಗೆ ಬೇಡವಾಗಿತ್ತು.

ಅವನು ನೇರ ಹೋಗಬೇಕಿತ್ತು. ಸಿಕ್ಕ ಮೊದಲ ತಿರುವಿನಲ್ಲೇ ಕಾರನ್ನು ತಿರುಗಿಸಿಬಿಟ್ಟ, ಅವಳು ಬೇಗ ಮನೆ ಸೇರಲಿ ಎಂದು.